ಬೈರಮಂಗಲದ ಮದುವೆ ಟೇಪು

ಮೊನ್ನೆ ಭಾನುವಾರ ಮಗಳು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ನೇಲ್ ಪಾಲಿಶ್ ಹಚ್ಚಿಕೊಳ್ಳುತ್ತಿದ್ದಳು. ಕೆಂಪು ಬಣ್ಣ. ಅದೂ ಅಂಥಿಂಥ ಕೆಂಪಲ್ಲ, ಬ್ಯಾಂಡ್‌ಸೆಟ್ಟಿನವರ ಕೋಟಿನ ಕೆಂಪು. ಸಾರಿನ ಒಗ್ಗರಣೆಯನ್ನೂ ಮೀರಿ ಅದರ ಘಾಟು ಮೂಗಿಗೆ ಬಡಿಯಿತು. "ಹೊರಗೆ ಹೋಗಿ ಹಚ್ಕೋ" ಎಂದು ಗದರಿದೆ. ಗದರಿಕೆ ಬೇಕಾದ್ದಕ್ಕಿಂತ ಜೋರಾಯಿತು. ಅವಳು ಮುಖ ಊದಿಸಿಕೊಂಡು ಎದ್ದು ಹೋದಳು. ವಾಸನೆ ಮಾತ್ರ ಹೋಗಲಿಲ್ಲ... ಅದರ ಹಿಂದೆಯೇ ಟೈಲರ್ ಮಾವ ಬಂದು ನಿಂತರು, ಕೊರಳಲ್ಲಿ ಅಳತೆಯ ಟೇಪು ಇಳಿಬಿಟ್ಟುಕೊಂಡು.

ಎರಡು ಸಾವಿರದ ಆಚೀಚಿನ ಮಾತು. ಆಗ ನಾನು ರಾಮನಗರದಲ್ಲಿ ಒಂದು ಫೋಟೊ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆ. ಮದುವೆ ವಿಡಿಯೋಗಳ ಮಿಕ್ಸಿಂಗ್ ನನ್ನ ಕೆಲಸ. ವಧು ತಲೆ ತಗ್ಗಿಸಿದರೆ ಹೂವಿನ ಮಳೆ ಸುರಿಸುವುದು, ವರನ ಮುಖವನ್ನು ಹೃದಯದಾಕಾರದೊಳಗೆ ಕೂರಿಸುವುದು, ಮೆರವಣಿಗೆ ಬಂದಾಗ ಅಲ್ಲಿನ ಸದ್ದನ್ನೆಲ್ಲ ಇಳಿಸಿ ಸಿನಿಮಾ ಹಾಡು ಏರಿಸುವುದು. ಜನ ಅದನ್ನೇ ಕೇಳುತ್ತಿದ್ದರು. ಗದ್ದಲ ಯಾರಿಗೆ ಬೇಕು? ನಾನೂ ಹಾಗೇ ಅಂದುಕೊಂಡಿದ್ದೆ.

ಟೈಲರ್ ಮಾವನ ಅಂಗಡಿ ನಮ್ಮ ಸ್ಟುಡಿಯೋದ ಎದುರಿಗಿತ್ತು. ನಮಗೆ ನೆಂಟರೇನಲ್ಲ. ಓಣಿಯವರೆಲ್ಲ ಮಾವ ಎನ್ನುತ್ತಿದ್ದರು, ನಾನೂ ಅಂದೆ. ಅವರು ಪ್ಯಾಂಟು ಶರ್ಟು ಹೊಲಿದದ್ದನ್ನು ನಾನು ಕಂಡಿಲ್ಲ. ಸುತ್ತಲ ನಾಲ್ಕು ತಾಲ್ಲೂಕಿನ ಬ್ಯಾಂಡ್‌ಸೆಟ್ಟುಗಳಿಗೆ ಕೋಟು ಹೊಲಿಯುತ್ತಿದ್ದರು. ಕೆಂಪು ಬಟ್ಟೆ, ಜರಿಯ ಪಟ್ಟಿ, ಭುಜದ ಮೇಲೆ ಕುಚ್ಚು. ಮನುಷ್ಯ ಸಣಕಲು, ಮಾತು ಕಮ್ಮಿ, ಸಿಟ್ಟು ಜಾಸ್ತಿ.

ಒಂದು ಮಧ್ಯಾಹ್ನ ಯಾರದೋ ಮದುವೆಯ ಕ್ಯಾಸೆಟ್ಟು ಹಿಡಿದುಕೊಂಡು ನಮ್ಮ ಸ್ಟುಡಿಯೋಗೆ ನುಗ್ಗಿದರು. ಅದನ್ನು ಮೇಜಿನ ಮೇಲೆ ಕುಕ್ಕಿ, "ಇದ್ರೊಳ್ಗೆ ಬ್ಯಾಂಡಿತ್ತಲ್ಲ, ಎಲ್ಲವ್ವಾ ಅದು?" ಎಂದರು.

"ಸಾಂಗ್ ಹಾಕಿದೀವಲ್ಲ ಮಾವ. ಸಾಂಗ್ ಹಾಕ್ದಾಗ ಒಳಗಿನ ಸೌಂಡ್ ತೆಗೀತೀವಿ."

"ತೆಗ್ದು ಎಲ್ಲಿಗಾಕ್ದೆ?"

ನನಗೆ ನಗು ಬಂತು. ಅವರಿಗೆ ಬರಲಿಲ್ಲ. ನಾನು ನಗುತ್ತಿರುವುದನ್ನು ನೋಡುತ್ತಾ ನಿಂತೇ ಇದ್ದರು. ಕೊನೆಗೆ ನಾನೇ ಬಾಯಿ ಮುಚ್ಚಿಕೊಂಡೆ.

ಆಮೇಲೆ ಗೊತ್ತಾಯಿತು, ಅವರು ಹುಡುಕುತ್ತಿದ್ದದ್ದು ಒಬ್ಬರೇ ಒಬ್ಬರ ಬ್ಯಾಂಡನ್ನು ಎಂದು. ಮಾಗಡಿ ಕಡೆಯ ಬ್ಯಾಂಡ್ ಮೇಷ್ಟ್ರು ಒಬ್ಬರದು. ಬೇರೆ ಸೆಟ್ಟುಗಳಲ್ಲಿ ಮೇಷ್ಟ್ರಾದವರು ಕ್ಲಾರಿಯೋನೆಟ್ ಹಿಡಿದು ಎಲ್ಲರಿಗಿಂತ ಮುಂದೆ ಊದುತ್ತಾ ನಡೆಯುತ್ತಾರೆ. ಈ ಮೇಷ್ಟ್ರು ಏನನ್ನೂ ಊದುತ್ತಿರಲಿಲ್ಲ. ಬರಿಗೈ. ಬ್ಯಾಂಡಿನವರ ಕಡೆ ಮುಖ ಮಾಡಿ, ಬಸ್ ಸ್ಟ್ಯಾಂಡಿನಿಂದ ಛತ್ರದವರೆಗೂ ಹಿಂದು ಹಿಂದಕ್ಕೇ ನಡೆಯುತ್ತಿದ್ದರು. ಒಬ್ಬೊಬ್ಬನ ಕಣ್ಣನ್ನೂ ನೋಡುತ್ತಾ, ಬಲಗೈ ಆಡಿಸುತ್ತಾ. ಆ ಕೈ ಸಲೀಸಾಗಿ ಏಳಲಿ ಎಂದು ಟೈಲರ್ ಮಾವ ಅವರ ಕೋಟಿನ ಬಲ ಕಂಕುಳಲ್ಲಿ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟು ಹೊಲಿಯುತ್ತಿದ್ದರಂತೆ.

ಹಿಂದಕ್ಕೆ ನಡೆಯುವವರಿಗೆ ದಾರಿ ಕಾಣುವುದಿಲ್ಲವಲ್ಲ. ಆ ಕೆಲಸ ಮಾವನದು. ಹೊಲಿಗೆ ಇಲ್ಲದ ದಿನ ಅವರು ಮೇಷ್ಟ್ರ ಬೆನ್ನ ಹಿಂದೆ ಒಂದು ಹೆಜ್ಜೆ ದೂರದಲ್ಲಿ ನಡೆಯುತ್ತಾ "ಹಳ್ಳ", "ಎಡಕ್ಕೆ", "ಸಗಣಿ" ಎಂದು ಮೆಲ್ಲಗೆ ಹೇಳುತ್ತಾ ಹೋಗುತ್ತಿದ್ದರು. ಹದಿನೆಂಟು ವರ್ಷ ಹೀಗೆ ನಡೆದಿದ್ದಾರೆ. ಮೇಷ್ಟ್ರು ಒಂದು ಸಲವೂ ಎಡವಿರಲಿಲ್ಲ.

ಮೇಷ್ಟ್ರ ಇನ್ನೊಂದು ಹುಚ್ಚೆಂದರೆ ಸದ್ದು ಇಳಿಸುವುದು. ಮದುವೆ ಬ್ಯಾಂಡೆಂದರೆ ಮೂರೂರಿಗೆ ಕೇಳಬೇಕು. ಇವರು ನಡುರಸ್ತೆಯಲ್ಲಿ ಕೈಯನ್ನು ಮೊಣಕಾಲಿನವರೆಗೆ ಇಳಿಸಿಬಿಡುತ್ತಿದ್ದರು. ಇಪ್ಪತ್ತು ಜನ ಊದುತ್ತಿದ್ದರೂ ಹೆಂಗಸರ ಬಳೆ ಸದ್ದು ಕೇಳಿಸುವಷ್ಟು ಮೆಲ್ಲಗಾಗುತ್ತಿತ್ತಂತೆ. ಹಾಡನ್ನೂ ಎಳೆದೆಳೆದು ನಿಧಾನ ಮಾಡುತ್ತಿದ್ದರು. ಬೀಗರು ರೇಗುತ್ತಿದ್ದರು. "ಏನ್ಲಾ ಇದು, ಮದ್ವೆ ಬ್ಯಾಂಡೋ, ಜೋಗುಳವೋ?" ಎಂದು ಒಬ್ಬರು ಕೇಳಿದ್ದಕ್ಕೆ ಮೇಷ್ಟ್ರು ಬ್ಯಾಂಡನ್ನು ಅಲ್ಲೇ ನಿಲ್ಲಿಸಿ, ಕೇಳಿದವರು ತಲೆ ತಗ್ಗಿಸುವವರೆಗೂ ಕಾದು, ಆಮೇಲೆ ಮುಂದುವರಿಸಿದರಂತೆ. ಇಂಥವರನ್ನು ವರ್ಷವರ್ಷವೂ ಯಾರು ಕರೆಯುತ್ತಾರೆ? ಅದೂ ಲಾರಿಯ ಮೇಲೆ ಸ್ಪೀಕರ್ ಪೇರಿಸಿಕೊಂಡು ಬರುವವರು ಶುರುವಾದ ಮೇಲೆ?

ಯಾರೋ ರೆಕಾರ್ಡ್ ಮಾಡಿಸೋಣ ಎಂದಾಗ ಮೇಷ್ಟ್ರು, "ಕೇಳೋ ಹೊತ್ತಲ್ಲಿ ಕೇಳುದ್ರೆ ಸಾಕು" ಎಂದು ಕೈಮುಗಿದಿದ್ದರು. ಹಾಗಾಗಿ ಅವರ ಬ್ಯಾಂಡು ಉಳಿದಿದ್ದರೆ ಅದು ಬೇರೆಯವರ ಮದುವೆ ಟೇಪುಗಳಲ್ಲಿ ಮಾತ್ರ. ಅದರ ಮೇಲೆ ನನ್ನಂಥವರು ಸಿನಿಮಾ ಹಾಡು ಸುರಿದು ಕೂತಿದ್ದೆವು.

ಟೈಲರ್ ಮಾವ ಸ್ಟುಡಿಯೋದಿಂದ ಸ್ಟುಡಿಯೋಗೆ ಅಲೆದರು. ಕನಕಪುರ, ಚನ್ನಪಟ್ಟಣ, ಮಾಗಡಿ. ಮಿಕ್ಸಿಂಗ್ ಆಗದೆ ಉಳಿದ ಟೇಪು ಸಿಕ್ಕರೆ ಅದರಿಂದ ಸದ್ದನ್ನಷ್ಟೇ ಆಡಿಯೋ ಕ್ಯಾಸೆಟ್ಟಿಗೆ ಇಳಿಸಿಕೊಳ್ಳುತ್ತಿದ್ದರು. ಒಂದು ಕಡೆ ಅರ್ಧ ನಿಮಿಷ, ಒಂದು ಕಡೆ ಎರಡು ನಿಮಿಷ. ಹನ್ನೊಂದು ಕ್ಯಾಸೆಟ್ಟು ಸೇರಿದ್ದವು. ಒಂದೊಂದನ್ನೂ ಕೋಟಿನ ಬಟ್ಟೆಯ ಚೂರಿನಲ್ಲಿ ಸುತ್ತಿ ತಗಡಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಒಂದನ್ನು ಹಾಕಿ, ಹೊಲಿಗೆ ಮಿಷನ್ನಿನ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿಕೊಂಡು ಕೇಳುತ್ತಿದ್ದರು.

ಆ ವರ್ಷ ಮೇಷ್ಟ್ರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಅದಕ್ಕೆ ಹದಿನೈದು ದಿನ ಮುಂಚೆಯಷ್ಟೇ ಬೈರಮಂಗಲದಲ್ಲೊಂದು ಮದುವೆ ನಡೆದಿತ್ತು. ಮೇಷ್ಟ್ರು ಹಟ ಹಿಡಿದು ಮೂರು ಊರಿನ ಸೆಟ್ಟುಗಳನ್ನು ಸೇರಿಸಿ, ನಲವತ್ತು ಚಿಲ್ಲರೆ ಜನರನ್ನು ಕೆರೆ ಏರಿಯ ಮೇಲೆ ನಡೆಸಿದ್ದರು. ಅದರ ಟೇಪು ಇದ್ದದ್ದು ನಮ್ಮ ಸ್ಟುಡಿಯೋದಲ್ಲಿ. ಮಿಕ್ಸಿಂಗ್ ಮಾಡಿದವಳು ನಾನು.

ನಿಜ ಹೇಳಿಬಿಡುತ್ತೇನೆ. ಅದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳುವಾಗ ನಾನು ಹಾಡು ಏರಿಸುವುದನ್ನು ಮರೆತಿದ್ದೆ. ಅಷ್ಟು ಜನ ಊದುತ್ತಿದ್ದರು, ಆದರೂ ಕೆರೆಯ ಕಪ್ಪೆಗಳ ಸದ್ದು ಕೇಳುತ್ತಿತ್ತು. ಮೈ ಜುಮ್ಮೆಂದಿತ್ತು. ಆಮೇಲೆ ಎಂದಿನಂತೆ ಹಾಡು ಹಾಕಿ ಮದುವೆ ಮನೆಯವರ ಕ್ಯಾಸೆಟ್ಟು ಮುಗಿಸಿದೆ. ಕೆಲಸ ಕೆಲಸವೇ ತಾನೆ.

"ಮೇಷ್ಟ್ರಿಗೆ ಕಿವಿ ಇನ್ನೂ ಐತೆ ಕಣವ್ವ" ಎಂದು ಟೈಲರ್ ಮಾವ ಬಂದು ಕೂತರು. "ತಮ್ ಬ್ಯಾಂಡ್ನ ಅವರು ಒಂದ್ ದಿನಾನೂ ಕೇಳಿಲ್ಲ. ನಡ್ಸೋದ್ರಲ್ಲೇ ಮುಗ್ದೋಯ್ತು. ಅದೊಂದ್ ಕೇಳುಸ್ಬುಡ್ಬೇಕು. ಡಾಕ್ಟ್ರು ಜಾಸ್ತಿ ದಿನ ಇಲ್ಲ ಅಂದವ್ರೆ."

ಒಂದು ತೊಡಕಿತ್ತು. ಮದುವೆ ಮನೆಯವರು ತಮ್ಮ ಕ್ಯಾಸೆಟ್ಟು ತೆಗೆದುಕೊಂಡು ಹೋಗುವ ತನಕ ಮೂಲ ಟೇಪನ್ನು ಹೊರಗಿನವರಿಗೆ ತೋರಿಸಕೂಡದು, ಮನೆಯ ಹೆಣ್ಣುಮಕ್ಕಳೆಲ್ಲ ಅದರಲ್ಲಿರುತ್ತಾರೆ ಎಂಬುದು ನಮ್ಮ ಓನರ್ ಕಟ್ಟಳೆ. ಬೈರಮಂಗಲದವರು ಹೊಲ ಫ್ಯಾಕ್ಟರಿಗೆ ಹೋದ ಗಡಿಬಿಡಿಯಲ್ಲಿ ಈ ಕಡೆ ತಲೆ ಹಾಕಿರಲಿಲ್ಲ. "ಅವರು ಗುರುವಾರ ಬರ್ತಾರಂತೆ, ಬಂದ್ಹೋಗ್ಲಿ ಮಾವ. ಶುಕ್ರವಾರ ಓನರ್ ಬೆಂಗಳೂರಿಗೆ ಹೋಗ್ತಾರೆ, ಅವತ್ತು ಇಳಿಸಿಕೊಡ್ತೀನಿ. ಟೇಪು ನಾನು ಎತ್ತಿಟ್ಟಿರ್ತೀನಿ" ಎಂದೆ. ಮಾವ ನನ್ನ ತಲೆ ಮುಟ್ಟಿ ಹೋದರು.

ಗುರುವಾರ ಸಂಜೆ ಬೈರಮಂಗಲದವರು ಬಂದರು, ಕ್ಯಾಸೆಟ್ಟು ತೆಗೆದುಕೊಂಡರು, ಹೋದರು. ಆಮೇಲೆ ನಾನು ಏನು ಮಾಡಿದೆ ಗೊತ್ತೇ? ನಮ್ಮಲ್ಲಿ ಒಂದು ಪದ್ಧತಿಯಿತ್ತು. ಗಿರಾಕಿ ಬಂದುಹೋದ ಮೇಲೆ ಮೂಲ ಟೇಪಿನ ಬೆನ್ನಿಗೆ ಒಂದು ಕೆಂಪು ಬೊಟ್ಟು ಇಡಬೇಕು. ಬೊಟ್ಟಿದ್ದರೆ ಅದರ ಮೇಲೆ ಮತ್ತೆ ಶೂಟ್ ಮಾಡಬಹುದು ಎಂದು ಅರ್ಥ. ಪೆನ್ನಿನ ಶಾಯಿ ಅಳಿಸಿಹೋಗುತ್ತದೆಂದು ನಾನು ನನ್ನ ನೇಲ್ ಪಾಲಿಶ್ಶಿನಿಂದಲೇ ಇಡುತ್ತಿದ್ದೆ. ಮನೆಗೆ ಹೋಗುವ ಆತುರ. ಕೈ ತನ್ನಷ್ಟಕ್ಕೆ ಬಾಟಲಿ ತೆಗೆಯಿತು, ಬೊಟ್ಟಿಟ್ಟಿತು, ಟೇಪನ್ನು ಶೆಲ್ಫಿಗೆ ಸೇರಿಸಿತು. ತಲೆ ಎಲ್ಲಿತ್ತೋ...

ಶುಕ್ರವಾರ ಬೆಳಿಗ್ಗೆ ಬಾಗಿಲು ತೆಗೆದಾಗ ಮಾವ ಆಗಲೇ ಬಂದು ಕಾಯುತ್ತಿದ್ದರು, ಕೈಯಲ್ಲಿ ಹೊಸ ಆಡಿಯೋ ಕ್ಯಾಸೆಟ್ಟು. ಶೆಲ್ಫು ನೋಡಿದೆ. ಟೇಪಿರಲಿಲ್ಲ. ಹಿಂದಿನ ಸಂಜೆ ಬೊಟ್ಟಿಟ್ಟದ್ದು ಆಗ ನೆನಪಾಯಿತು. ನಮ್ಮ ಕ್ಯಾಮೆರಾದವನು, ದೊಡ್ಡಆಲಹಳ್ಳಿಯ ಹುಡುಗ, ನನ್ನ ಓರಗೆಯವನು, ಬಿಡದಿಯಲ್ಲಿ ಹೊಸ ಫ್ಯಾಕ್ಟರಿಯೊಂದರ ಪೂಜೆ ಶೂಟ್ ಮಾಡಲು, ತನ್ನಲ್ಲಿದ್ದ ಬೀಗದ ಕೈಯಿಂದ ಸ್ಟುಡಿಯೋ ತೆಗೆದು ಮುಂಜಾನೆಯೇ ಹೊರಟುಹೋಗಿದ್ದ.

"ಯಾಕವ್ವಾ ಮಕ ಹಂಗಾಯ್ತು?" ಎಂದರು ಮಾವ.

"ಟೇಪು... ಅವನು ತಗೊಂಡು ಹೋಗವ್ನೆ ಮಾವ."

ಯಾಕೆ ತೆಗೆದುಕೊಂಡು ಹೋದ ಎಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ. ಬೇರೆ ಟೇಪು ಹಿಡಿದುಕೊಳ್ಳಬೇಕೆಂದೂ ಹೊಳೆಯದೆ ಇಬ್ಬರೂ ಓಡಿ ಬಸ್ಸು ಹತ್ತಿದೆವು.

ಆಗ ಮೈಸೂರು ರಸ್ತೆ ಅಗಲ ಮಾಡುತ್ತಿದ್ದರು. ದಾರಿಯುದ್ದಕ್ಕೂ ಅಗೆದು ಹಾಕಿದ್ದ ಮಣ್ಣು, ಜೆಸಿಬಿ, ಒಂದೇ ಸಾಲಿನಲ್ಲಿ ತೆವಳುವ ಲಾರಿಗಳು. ಬಸ್ಸು ನಿಂತಾಗಲೆಲ್ಲ ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಆ ಟೇಪಿನಲ್ಲಿ ಮೊದಲ ಅರ್ಧ ಗಂಟೆ ಚಪ್ಪರ, ಅಡುಗೆ, ಬೀಗರು ಇಳಿಯುವುದು. ಅದು ಅಳಿಸಿದರೆ ಅಳಿಸಲಿ. ಅಲ್ಲಿಂದ ಮುಂದೆ ಮುಕ್ಕಾಲು ಗಂಟೆ ಮೆರವಣಿಗೆ. ಅವನು ಅರ್ಧ ಗಂಟೆ ಶೂಟ್ ಮಾಡುವುದರೊಳಗೆ ತಲುಪಿದರೆ ಬ್ಯಾಂಡು ಪೂರ್ತಿ ಉಳಿಯುತ್ತದೆ. ಮಾವ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಡ್ರೈವರ್ ಬೆನ್ನನ್ನೇ ನೋಡುತ್ತಿದ್ದರು.

ಶಾಮಿಯಾನ ಸಿಕ್ಕಿತು. ಒಳಗೆ ಭಾಷಣ ಸಾಗಿತ್ತು. ಕ್ಯಾಮೆರಾದವನು ವೇದಿಕೆಯ ಎದುರು ಸ್ಟ್ಯಾಂಡ್ ಹಾಕಿ ನಿಂತಿದ್ದ. ನಾನು ಹೋಗಿ ಕ್ಯಾಮೆರಾದ ಅಂಕಿ ನೋಡಿದೆ. ನಲವತ್ತು ನಿಮಿಷ ದಾಟಿತ್ತು.

"ನಿಲ್ಸೋ" ಎಂದೆ.

"ಏನಕ್ಕಾ, ತಲೆ ಕೆಟ್ಟಿದ್ದದಾ? ದೊಡ್ಡೋರು ಮಾತಾಡ್ತಾವ್ರೆ."

"ಬೇರೆ ಟೇಪು ಹಾಕು. ಇದರಲ್ಲಿ ಬ್ಯಾಂಡೈತೆ."

"ಇರೋದು ಇದೊಂದೇ ಕಣಕ್ಕಾ. ಎಲ್ಲಾ ಸೂಟ್ ಮಾಡ್ಬೇಕು, ಒಂದ್ ಮಾತೂ ಬುಡಂಗಿಲ್ಲ ಅಂದವ್ರೆ. ನಿಲ್ಸುದ್ರೆ ಓನರ್ ನನ್ನ ಚರ್ಮ ಸುಲೀತಾರೆ."

ಟೈಲರ್ ಮಾವ ಎದೆಗೆ ಬ್ಯಾಡ್ಜು ಹಾಕಿಕೊಂಡಿದ್ದ ಒಬ್ಬರ ಬಳಿ ಹೋಗಿ ಕೈಮುಗಿದು, "ಸ್ವಾಮಿ, ಒಂದರ್ಧ ಗಂಟೆ ಕ್ಯಾಮೆರಾ ನಿಲ್ಸಕ್ಕೆ ಹೇಳಿ" ಎಂದರು. ಆತ ಇವರನ್ನು ಮೇಲಿಂದ ಕೆಳಗೆ ನೋಡಿ, ಊಟ ಆ ಕಡೆ ಎಂದು ಕೈ ತೋರಿಸಿದ. ಮಾವ ತಿರುಗಿ ಬಂದು ಕ್ಯಾಮೆರಾದ ಪಕ್ಕ ನಿಂತರು. "ನೀ ಓಡು ಮಗ, ಟೇಪ್ ತತ್ತಾ" ಎಂದರು.

ಓಡಿದೆ. ಬಿಡದಿ ಬಜಾರಿನಲ್ಲಿ ಮೊದಲ ಅಂಗಡಿಯಲ್ಲಿ ಇರಲಿಲ್ಲ. ಎರಡನೆಯದು ಬೀಗ ಹಾಕಿತ್ತು. ಮೂರನೆಯದರಲ್ಲಿ ಅಂಗಡಿಯಾಕೆ ಅಟ್ಟದ ಮೇಲಿಂದ ಹುಡುಕಿ ಕೊಡುವಷ್ಟರಲ್ಲಿ ನನಗೆ ಅಳು ಬಂದಿತ್ತು. ಚಪ್ಪಲಿ ಕಿತ್ತುಹೋಗಿ ಕೈಯಲ್ಲಿ ಹಿಡಿದುಕೊಂಡು ವಾಪಸ್ಸು ಓಡಿದೆ. ಅಷ್ಟು ಹೊತ್ತೂ ಮಾವ ಆ ಅಂಕಿ ಏರುವುದನ್ನು ನೋಡುತ್ತಾ ನಿಂತಿದ್ದರು. ಒಬ್ಬರ ಭಾಷಣ ಮುಗಿದು ಇನ್ನೊಬ್ಬರದು, ಆಮೇಲೆ ಮತ್ತೊಬ್ಬರದು. ನೀರಾವರಿ, ಉದ್ಯೋಗ, ಅಭಿವೃದ್ಧಿ. ಪ್ರತಿ ಮಾತಿಗೂ ಕೆರೆ ಏರಿಯ ಮೇಲೆ ಒಂದೊಂದು ಹೆಜ್ಜೆ ಅಳಿಸುತ್ತಿತ್ತು.

ಹಾರ ಹಾಕುವ ಗದ್ದಲದಲ್ಲಿ ಕ್ಯಾಮೆರಾದವನು ಟೇಪು ಬದಲಾಯಿಸಿದ. ಅಂಕಿ ಒಂದು ಗಂಟೆ ಹತ್ತು ನಿಮಿಷ ದಾಟಿತ್ತು. ಮಾವ ತೆಗೆದ ಟೇಪನ್ನು ಎರಡೂ ಕೈಯಲ್ಲಿ ಇಸಿದುಕೊಂಡು ತಿರುಗಿಸಿ ನೋಡಿದರು. ಬೆನ್ನ ಮೇಲಿನ ಕೆಂಪು ಬೊಟ್ಟನ್ನು ನೋಡಿದರು. ಆಮೇಲೆ ಚಪ್ಪಲಿ ಹಿಡಿದಿದ್ದ ನನ್ನ ಕೈ ನೋಡಿದರು, ಉಗುರು ನೋಡಿದರು. ನೂರು ಬಗೆಯ ಕೆಂಪು ಬಟ್ಟೆಯಲ್ಲಿ ಜೋಡಿ ಹುಡುಕುವ ಕಣ್ಣು ಅದು. ನಾನು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಸ್ಟುಡಿಯೋಗೆ ಬಂದು ಹಾಕಿ ನೋಡಿದೆವು. ಭಾಷಣ, ಭಾಷಣ, ಭಾಷಣ, ನಂತರ ಪರದೆ ಒಮ್ಮೆ ಬಿಳಿಯಾಗಿ ಛತ್ರದ ಮುಂದಿನ ಬೀದಿ ಬಂತು. ನಾಲ್ಕು ನಿಮಿಷ ಚಿಲ್ಲರೆ. ಕೆರೆ ಏರಿ ಇಲ್ಲ, ಕಪ್ಪೆಗಳಿಲ್ಲ. ಮಾವ ಅದನ್ನು ತಮ್ಮ ಹೊಸ ಕ್ಯಾಸೆಟ್ಟಿಗೆ ಇಳಿಸಿಕೊಂಡು, "ನಾಳೀಕೆ ಮಾಗಡಿಗೆ ಬಾ" ಎಂದಷ್ಟೇ ಹೇಳಿ, ಮೂಲ ಟೇಪನ್ನು ಒಂದು ಗಳಿಗೆ ತಮ್ಮ ಅಂಗಡಿಗೆ ಒಯ್ದು ತಂದುಕೊಟ್ಟರು.

ಸಂಜೆ ಓನರ್ ಬಂದರು. ಫ್ಯಾಕ್ಟರಿಯವರು ಆಗಲೇ ಫೋನಿನಲ್ಲಿ ಗಲಾಟೆ ಮಾಡಿದ್ದರು, ಟೇಪು ಬದಲಾಯಿಸುವಾಗ ಹಾರದ ದೃಶ್ಯ ತಪ್ಪಿತ್ತು. ಕ್ಯಾಮೆರಾದವನು, "ಬೊಟ್ಟಿತ್ತು ಸಾರ್, ಅದಕ್ಕೇ ತಗೊಂಡೆ, ಇವ್ರು ಬಂದು ಬದ್ಲಾಯ್ಸುದ್ರು" ಎಂದ. ಓನರ್ ಟೇಪು ಎತ್ತಿ ನೋಡಿದರು. ಬೊಟ್ಟಿರಲಿಲ್ಲ. "ಸುಳ್ಳು ಬೇರೆ ಹೇಳ್ತೀಯಾ?" ಎಂದು ಬಾಯಿಗೆ ಬಂದಂತೆ ಬೈದರು. ಅವನು ದೇವರಾಣೆ ಇಟ್ಟ, ನನ್ನ ಕಡೆ ನೋಡಿದ. ನಾನು ಹೆಡ್‌ಫೋನ್ ವೈರು ಬಿಡಿಸುತ್ತಾ ಕೂತಿದ್ದೆ. ಹೇಳು ಹೇಳು ಎಂದು ಒಳಗೆ ಯಾರೋ ಗುದ್ದುತ್ತಿದ್ದರು. ಬಾಯಿ ಬರಲಿಲ್ಲ. ಮರುದಿನದಿಂದ ಅವನು ಬರಲಿಲ್ಲ.

ಮಾಗಡಿ ಬಸ್ಸಿನಲ್ಲಿ ನಾನೇ ಶುರುಮಾಡಿದೆ. "ಮಾವ, ಆ ಬೊಟ್ಟು..."

"ಬ್ಲೇಡಲ್ಲಿ ಕೆರೆದ್ಬುಟ್ಟೆ" ಎಂದರು, ಕಿಟಕಿಯ ಆಚೆ ನೋಡುತ್ತಾ. "ಹೊಲಿಗೆ ಬಿಚ್ಚೋ ಬ್ಲೇಡು. ಗುರುತೂ ಉಳೀಲಿಲ್ಲ."

"ಅವನ ಮೇಲೆ ಬಂತಲ್ಲ."

"ಅವನ್ಗೆ ನಾಳೀಕೆ ಯಾವ್ದಾರ ಫ್ಯಾಕ್ಟ್ರಿ ಸಿಕ್ತದೆ. ನಿನ್ನ ಕೆಲ್ಸ ಬುಡುಸ್ಬುಟ್ರೆ ನಿಮ್ಮನೇಲಿ ಇನ್ನೊಂದ್ ಕಡೀಕೆ ಕಳುಸ್ತಾರಾ?" ಎಂದರು. ಆಮೇಲೆ, "ನಾನ್ ಮಾಡಿದ್ದು ಸರೀಗಿಲ್ಲ. ನಂಗೂ ಗೊತ್ತದೆ" ಎಂದರು.

ನನ್ನ ಮೇಲೆ ರೇಗಿದ್ದರೆ ಚೆನ್ನಾಗಿತ್ತು. ಅವರು ರೇಗಲಿಲ್ಲ. ಬದಲಿಗೆ, "ಕೆರೆ ಏರಿ ಮ್ಯಾಲಿಂದು ನೀನು ಪೂರ್ತಿ ಕೇಳಿದ್ದೆ ಅಲ್ವಾ? ನಾನು ದಾರಿ ನೋಡ್ತಿದ್ದೆ, ಸರೀಗ್ ಕೇಳ್ಲಿಲ್ಲ. ಒಸಿ ಹೇಳವ್ವ, ಹೆಂಗಿತ್ತು" ಎಂದರು. ಎಲ್ಲಿ ಇಳಿಯಿತು, ಎಲ್ಲಿ ನಿಂತಿತು, ಕಪ್ಪೆ ಯಾವಾಗ ಕೇಳಿತು... ಮಾಗಡಿ ಬರುವ ತನಕ ಹೇಳಿದೆ. ಮಾವ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

ಮೇಷ್ಟ್ರು ಹಜಾರದ ಮಂಚದ ಮೇಲೆ ಮಲಗಿದ್ದರು. ಬಾಯಿ ಒಂದು ಕಡೆಗೆ ಎಳೆದಿತ್ತು. ಗೂಟಕ್ಕೆ ಕೆಂಪು ಕೋಟು ತೂಗುಹಾಕಿತ್ತು. ಮಾವ ಟೇಪ್ ರೆಕಾರ್ಡರನ್ನು ಅವರ ತಲೆಯ ಹತ್ತಿರವಿಟ್ಟು ಒತ್ತಿದರು.

ಬ್ಯಾಂಡು ಬಂತು. ಬೀದಿಯ ಕೊನೆಯ ತಿರುವಿನಲ್ಲಿ ಜೋರಾಗಿ ಎದ್ದು, ಛತ್ರ ಹತ್ತಿರವಾದಂತೆ ಇಳಿಯುತ್ತಾ ಬಂತು. ಮೇಷ್ಟ್ರ ಕಣ್ಣು ಸೂರನ್ನೇ ನೋಡುತ್ತಿದ್ದವು. ಮುಖದಲ್ಲಿ ಏನೂ ಇಲ್ಲ. ಎರಡು ನಿಮಿಷವಾಯಿತು, ಮೂರಾಯಿತು. ಮುಗಿದುಹೋಗುತ್ತದೆ, ಇವರಿಗೆ ತಲುಪಲೇ ಇಲ್ಲ, ಎಲ್ಲ ನನ್ನಿಂದ ಎಂದು ನಾನು ಗೋಡೆ ಹಿಡಿದುಕೊಂಡೆ. ಊದುವ ಸದ್ದು ಇಳಿದು ಇಳಿದು ಉಸಿರಿನಷ್ಟಾಯಿತು. ಆಗ ಆ ಟೇಪಿನೊಳಗಿಂದ ಟೈಲರ್ ಮಾವನ ದನಿ ಕೇಳಿತು, ತೀರ ಹತ್ತಿರದಿಂದ.

"ಮೆಟ್ಲು ಬಂತು ಮೇಷ್ಟ್ರೇ. ಒಂದು..."

ಹೊದಿಕೆಯ ಕೆಳಗೆ ಮೇಷ್ಟ್ರ ಎಡಗಾಲು ಅಲುಗಿತು.

"ಎರಡು..."

ಹಿಮ್ಮಡಿ ಮೇಲೆದ್ದು ಹಿಂದಕ್ಕೆ ಸರಿದು ಇಳಿಯಿತು.

"ಮೂರು..."

ಮತ್ತೊಮ್ಮೆ. ಮಾವ ಮಂಚದ ಕಾಲಿನ ಬಳಿ ಕುಸಿದು ಕೂತು ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅಷ್ಟು ಗಟ್ಟಿ ಮನುಷ್ಯ ಹಾಗೆ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ತಿಂಗಳೇ ಮೇಷ್ಟ್ರು ಹೋದರು.

ಮಾವ ಹೇಳಿದಂತೆ ಕ್ಯಾಮೆರಾದವನಿಗೆ ಬಿಡದಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸ ಸಿಕ್ಕಿತು. ನೀಲಿ ಯೂನಿಫಾರಂ ಹಾಕಿಕೊಂಡು ಶಿಫ್ಟ್ ಬಸ್ಸು ಹತ್ತುವುದನ್ನು ಒಮ್ಮೆ ಕಂಡೆ. ನನ್ನನ್ನು ನೋಡಿ ಮುಖ ತಿರುಗಿಸಿದ. ಅವನಿಗೆ ಕ್ಯಾಮೆರಾ ಎಂದರೆ ಜೀವ ಎಂಬುದು ನನಗೆ ಗೊತ್ತಿತ್ತು. ಮತ್ತೆ ಅವನು ಕ್ಯಾಮೆರಾ ಮುಟ್ಟಿದ ಎಂದು ಯಾರೂ ಹೇಳಲಿಲ್ಲ. ಈ ಮಾತನ್ನು ನಾನು ಇಂದಿನವರೆಗೆ ಎಲ್ಲೂ ಒಪ್ಪಿಕೊಂಡಿರಲಿಲ್ಲ. ಬೊಟ್ಟು ಇತ್ತು. ಇಟ್ಟವಳು ನಾನು.

ಟೈಲರ್ ಮಾವ ಹೋಗಿ ಹದಿನಾಲ್ಕು ವರ್ಷವಾಯಿತು. ಬ್ಯಾಂಡ್‌ಸೆಟ್ಟುಗಳು ಕಮ್ಮಿಯಾಗಿ ಕೊನೆಕೊನೆಗೆ ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದರು. ಅವರ ಮಗಳು ಅಂಗಡಿ ಖಾಲಿ ಮಾಡುವಾಗ, "ಇದು ನಿಮ್ಗೆ ಕೊಡ್ಬೇಕಂತೆ ಅಕ್ಕಾ" ಎಂದು ತಗಡಿನ ಪೆಟ್ಟಿಗೆಯನ್ನು ತಂದುಕೊಟ್ಟಳು. ಹನ್ನೆರಡು ಕ್ಯಾಸೆಟ್ಟು, ಹನ್ನೆರಡು ಕೆಂಪು ಬಟ್ಟೆಯ ಚೂರು.

ಮೊನ್ನೆ ಮಗಳನ್ನು ಗದರಿದ ಮೇಲೆ ಆ ಪೆಟ್ಟಿಗೆ ಇಳಿಸಿದೆ. ಹನ್ನೆರಡನೆಯದನ್ನು ಹಾಕಿದೆ. ಮಗಳು ಉಗುರು ಒಣಗಿಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ಕೂತಳು. "ಯಾರಮ್ಮ ಅದು ಬಾರಿಸ್ತಿರೋದು?" ಎಂದು ಕೇಳಿದಳು. ಸುಮ್ಮನಿರು ಎಂದು ಕೈ ಸನ್ನೆ ಮಾಡಿದೆ. ನಾನು ಈಗ ಈ ಕ್ಯಾಸೆಟ್ಟನ್ನು ಹಾಕುವುದು ಬ್ಯಾಂಡಿಗಾಗಿ ಅಲ್ಲ. ಬ್ಯಾಂಡು ಇಳಿದು ಇಳಿದು ಮೌನವಾಗುವುದನ್ನು ಕಾಯುತ್ತೇನೆ. ಆಮೇಲೆ ಮಾವ ಬರುತ್ತಾರೆ, ಎಷ್ಟು ಹತ್ತಿರವೆಂದರೆ ಹೊರಳಿ ನೋಡಬೇಕು ಅನ್ನಿಸುತ್ತದೆ.

"...ನಾಕು. ಆಯ್ತು, ಮೆಟ್ಲು ಮುಗೀತು ಮೇಷ್ಟ್ರೇ. ಇನ್ನು ನೆಲ ಸಮ ಐತೆ, ಬನ್ನಿ."